‘ಡ್ರೇಕೋನಿಯನ್’ ಮತ್ತು ‘ಕರಾಳ’: ಅರ್ಥ ಹಾಗೂ ಬಳಕೆ

ಮಿತಿಮೀರಿದ ಕಠೋರತೆಯುಳ್ಳ ಕಾಯಿದೆಯನ್ನು ‘ಡ್ರೇಕೋನಿಯನ್’ ಎಂದು ಕರೆಯುವುದು ಇಂಗ್ಲಿಷಿನ ರೂಢಿ. ಕನ್ನಡ ಬರಹಗಳಲ್ಲಿ ಅದರ ಸ್ಥಾನದಲ್ಲಿ ‘ಕರಾಳ’ ಎಂಬ ವಿಶೇಷಣ ನಿಂತಿದೆ. ಈ ಎರಡು ಪದಗಳ ಚಾರಿತ್ರಿಕ ಹಿನ್ನೆಲೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದರ ಮೂಲ ಒಂದು ವ್ಯಕ್ತಿನಾಮ. ಕ್ರಿ.ಪೂ. 621ರ ಸುಮಾರಿಗೆ ಅಥೆನ್ಸ್ ನಗರಕ್ಕೆ ಲಿಖಿತ ಕಾಯಿದೆಗಳನ್ನು ರಚಿಸಿಕೊಟ್ಟವನು ಡ್ರೇಕೋ. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಸರ್ಪವೆಂಬ ಅರ್ಥವೂ ಉಂಟು. ಅವನ ಕಾಯಿದೆಗಳು ಮನುಷ್ಯನವಲ್ಲ, ಸರ್ಪದವು ಎಂಬ ಚಮತ್ಕಾರೋಕ್ತಿಯನ್ನು ಅರಿಸ್ಟಾಟಲ್ ದಾಖಲಿಸಿದ್ದಾನೆ. ಸೋಮಾರಿತನಕ್ಕೂ ಹಣ್ಣು-ತರಕಾರಿಗಳ ಕಳವಿಗೂ ಮರಣದಂಡನೆ ವಿಧಿಸಲಾಗುತ್ತಿತ್ತೆಂದು ಹೇಳುವವನು ಪ್ಲೂಟಾರ್ಕ್. ಆದರೆ ಅವನು ಡ್ರೇಕೋನಿಗಿಂತ ಸುಮಾರು 700 ವರ್ಷ ಈಚಿನವನು. ಕ್ರಿ.ಪೂ. 594ರ ಸುಮಾರಿಗೆ ಸೋಲನ್ ನರಹತ್ಯೆಗೆ ಸಂಬಂಧಿಸಿದವನ್ನುಳಿದು ಮಿಕ್ಕ ಕಾಯಿದೆಗಳನ್ನೆಲ್ಲ ರದ್ದುಗೊಳಿಸಿದನು. ಆದುದರಿಂದ ಪ್ಲೂಟಾರ್ಕನ ಹೇಳಿಕೆಯನ್ನು ಮೂಲಪಾಠದೊಡನೆ ತಾಳೆ ನೋಡುವಂತಿಲ್ಲ.

ಉಳಿದುಕೊಂಡ ನರಹತ್ಯೆಯ ಕಾಯಿದೆಯನ್ನು ಅಥೆನ್ಸಿನವರು ಕ್ರಿ.ಪೂ. 409-408ರಲ್ಲಿ ಕಲ್ಲಿನ ಮೇಲೆ ಮತ್ತೆ ಬರೆಸಿದರು. ಭಗ್ನವಾಗಿರುವ ಆ ಶಿಲೆ ಈಗ ಅಥೆನ್ಸಿನ ಶಾಸನ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಕಾಣುವ ಚಿತ್ರ ಬೇರೆಯೇ ಆಗಿದೆ. ಪೂರ್ವಸಂಕಲ್ಪವಿಲ್ಲದೆ ಕೊಂದವನಿಗೆ ಮರಣದಂಡನೆಯಿಲ್ಲ, ದೇಶಭ್ರಷ್ಟತೆ. ಮೃತನ ತಂದೆ, ಸಹೋದರರು, ಮಕ್ಕಳು ಒಮ್ಮತದಿಂದ ಕ್ಷಮಿಸಿದರೆ ಅವನು ಮರಳಬಹುದು. ತೀರ್ಪು ನೀಡಲು 51 ಮಂದಿಯ ನ್ಯಾಯಮಂಡಲಿಯಿದೆ. ದೇಶಭ್ರಷ್ಟನು ನಿಷಿದ್ಧ ಸ್ಥಳಗಳಿಂದ ದೂರವಿರುವಾಗ ಅವನನ್ನು ಕೊಂದರೆ, ಅಥೆನ್ಸಿನ ಪ್ರಜೆಯನ್ನು ಕೊಂದಷ್ಟೇ ಅಪರಾಧ. ಕುಲದ್ವೇಷದ ಸೇಡನ್ನು ವಿಚಾರಣೆಯ ಚೌಕಟ್ಟಿಗೆ ತರುವ ಪ್ರಯತ್ನ ಇಲ್ಲಿ ಸ್ಪಷ್ಟವಾಗಿದೆ.

ಇನ್ನು ‘ಕರಾಳ’. ಸಂಸ್ಕೃತದಲ್ಲಿ ಇದಕ್ಕೆ ಬಾಯ್ದೆರೆದ, ಕೋರೆಹಲ್ಲುಳ್ಳ, ಭಯಂಕರ ಎಂಬ ಅರ್ಥಗಳಿವೆ. ‘ಕರಾಳ ದಿನ’ ಮೊದಲಾದ ಪ್ರಯೋಗಗಳಲ್ಲಿ ಕಪ್ಪಿನ ಛಾಯೆಯೂ ಇದಕ್ಕೆ ಸೇರಿಕೊಂಡಿದೆ. 1919ರ ರೌಲತ್ ಕಾಯಿದೆಯನ್ನು ನಮ್ಮ ಚರಿತ್ರೆಯ ಪುಸ್ತಕಗಳು ‘ಕರಾಳ ಶಾಸನ’ವೆಂದು ಕರೆದಿವೆ. ಆದರೆ ಅದರ ದೋಷ ಶಿಕ್ಷೆಯ ಪ್ರಮಾಣದಲ್ಲಿರಲಿಲ್ಲ. ವಿಚಾರಣೆಯಿಲ್ಲದ ಬಂಧನ, ಜ್ಯೂರಿಯಿಲ್ಲದ ವಿಚಾರಣೆ, ಮೇಲ್ಮನವಿಯ ನಿರಾಕರಣೆ ಅದರ ನಿಜವಾದ ಕ್ರೌರ್ಯವಾಗಿದ್ದವು.

ಹೀಗೆ ಒಂದೇ ವಿಶೇಷಣ ಎರಡು ಭಿನ್ನ ದೋಷಗಳನ್ನು ಹೊದೆದುಕೊಂಡಿದೆ. ಒಂದು, ಅಪರಾಧಕ್ಕೆ ಮೀರಿದ ದಂಡನೆ. ಇನ್ನೊಂದು, ನ್ಯಾಯಕ್ರಮದ ಲೋಪ. ಡ್ರೇಕೋನ ಅಪಕೀರ್ತಿ ಮೊದಲನೆಯದರಿಂದ ಬಂದುದು. ಎರಡನೆಯದಕ್ಕೆ ಅವನ ಶಿಲಾಲೇಖವೇ ಪ್ರತಿಸಾಕ್ಷ್ಯ. ಕಾಯಿದೆಯೊಂದನ್ನು ಕರಾಳವೆನ್ನುವ ಸಂಶೋಧಕನು ಈ ಎರಡರಲ್ಲಿ ಯಾವುದನ್ನು ಉದ್ದೇಶಿಸಿದ್ದಾನೆಂದು ಸ್ಪಷ್ಟಪಡಿಸುವುದು ಅಗತ್ಯ. ಇಲ್ಲವಾದರೆ ಪದದ ಉಗ್ರತೆಯಲ್ಲಿ ಅನ್ಯಾಯದ ಸ್ವರೂಪವೇ ಮರೆಯಾಗುತ್ತದೆ.