ಬಿಸಿಲು, ಬೆವರು ಮತ್ತು ದೇಹದ ಸಮಸ್ಥಿತಿ: ಬಸವಕಲ್ಯಾಣ–ಹುಮನಾಬಾದ್ ಸೀಮೆಯ ದುಡಿಮೆಯ ಹಿನ್ನೆಲೆಯಲ್ಲಿ

ಸಾರಾಂಶ: ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಬೇಸಿಗೆಯನ್ನು ಮುಂದಿಟ್ಟುಕೊಂಡು, ದೇಹವು ತನ್ನೊಳಗಿನ ತಾಪ, ನೀರು, ಉಪ್ಪುಗಳ ಹದ ಕಾಯುವ ಬಗೆಯನ್ನು ಈ ಲೇಖನ ಪರಿಶೀಲಿಸುತ್ತದೆ. ನೆರಳು, ನೀರು ಮತ್ತು ದುಡಿಮೆಯ ವೇಳೆಯನ್ನೂ ಆ ಹದದ ಭಾಗವೆಂದೇ ಎಣಿಸಬೇಕೆಂಬುದು ಇಲ್ಲಿನ ವಾದ.

1. ಪೀಠಿಕೆ

ಜೀವಕೋಶಗಳನ್ನು ಸುತ್ತುವರಿದ ದ್ರವವೇ ದೇಹದ ಒಳಪರಿಸರ ಎಂದವನು 19ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಕ್ಲೋದ್ ಬರ್ನಾರ್ಡ್. ಅದರ ಸ್ಥಿರತೆಗೆ 1926ರಲ್ಲಿ ವಾಲ್ಟರ್ ಕ್ಯಾನನ್ ‘ಹೋಮಿಯೋಸ್ಟಾಸಿಸ್’ ಎಂದು ಹೆಸರಿಟ್ಟ. ಕನ್ನಡದಲ್ಲಿ ಇದನ್ನು ಸಮಸ್ಥಿತಿ ಎನ್ನಬಹುದು. ಮೇ ತಿಂಗಳಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ಸೀಮೆಯ ಬಿಸಿಲಿನಲ್ಲಿ ತೊಗರಿಯ ಕೂಳೆ ಕೀಳುವವರ, ಕೆರೆಯ ಹೂಳೆತ್ತುವವರ ಮೈ ಒಳಗೆ 37 ಡಿಗ್ರಿಯ ಆಸುಪಾಸಿನಲ್ಲೇ ಇರಬೇಕು.

2. ಬೆವರಿನ ಲೆಕ್ಕ

ದುಡಿಯುವ ದೇಹ ಗಂಟೆಗೆ ಸುಮಾರು 300 ಕಿಲೋಕ್ಯಾಲೊರಿ ಶಾಖ ಹುಟ್ಟಿಸುತ್ತದೆಂದು ಇಟ್ಟುಕೊಳ್ಳೋಣ. ಅದು ಹೊರಹೋಗದಿದ್ದರೆ 50 ಕಿಲೋ ತೂಕದವರ ಮೈತಾಪ ಒಂದು ಗಂಟೆಯಲ್ಲಿ 7 ಡಿಗ್ರಿ ಏರಬೇಕು. ಮಿದುಳಿನ ಹೈಪೊಥಲಮಸ್ ಇದನ್ನು ಮೊದಲೇ ಅರಿತು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ, ಬೆವರು ಸುರಿಸುತ್ತದೆ. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ಉಳಿಯುವ ದಾರಿ ಬೆವರೊಂದೇ. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲೊರಿ ಹೊರಹೋಗುತ್ತದೆ.

ಇಲ್ಲಿನ ಒಣ ಗಾಳಿಯಲ್ಲಿ ಬೆವರು ಬೇಗ ಆರುತ್ತದೆ. ಮೈ ಒದ್ದೆಯಾಗದೆ ಅಂಗಿಯ ಮೇಲೆ ಬಿಳಿ ಉಪ್ಪು ಮಾತ್ರ ಉಳಿಯುವುದರಿಂದ ಎಷ್ಟು ನೀರು ಹೋಯಿತೆಂಬುದು ದುಡಿಯುವವರಿಗೇ ತಿಳಿಯದು. ಮುಂಗಾರಿಗೆ ಮುನ್ನ ಗಾಳಿಯ ತೇವ ಏರಿದಾಗ ಬೆವರು ಆರದೆ ಹರಿದುಹೋಗುತ್ತದೆ. ನೀರು ಹೋದರೂ ಮೈ ತಣಿಯದು.

ಕಳೆದ ನೀರಿಗೆ ತಕ್ಕಂತೆ ವ್ಯಾಸೊಪ್ರೆಸಿನ್ ಹಾರ್ಮೋನು ಮೂತ್ರವನ್ನು ತಗ್ಗಿಸುತ್ತದೆ, ಆಲ್ಡೊಸ್ಟಿರೋನ್ ಸೋಡಿಯಂ ಉಳಿಸುತ್ತದೆ. ಒಂದೆರಡು ವಾರ ಬಿಸಿಲಿಗೆ ಒಗ್ಗಿದ ಮೈ ಬೇಗ ಬೆವರುತ್ತದೆ, ಬೆವರಿನಲ್ಲಿ ಉಪ್ಪನ್ನು ಕಡಿಮೆ ಬಿಡುತ್ತದೆ. ಆದರೆ ಒಗ್ಗಿದ ಮೈಗೆ ನೀರು ಹೆಚ್ಚೇ ಬೇಕು. ‘ನಮಗೆ ಬಿಸಿಲು ರೂಢಿ’ ಎಂಬ ಮಾತು ನೀರಿದ್ದರಷ್ಟೇ ನಿಜ.

3. ಅಂಬಲಿ ಮತ್ತು ವೇಳೆ

ಕಳೆದ ನೀರು, ಉಪ್ಪನ್ನು ಮರಳಿ ತುಂಬಲು ಅಂಬಲಿ ನೆರವಾಗುತ್ತದೆ. ಉಪ್ಪು, ಮಜ್ಜಿಗೆ ಬೆರೆಸಿದ ಜೋಳದ ಅಂಬಲಿಯ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗುತ್ತದೆ. ಗ್ಲೂಕೋಸ್ ಸೋಡಿಯಮ್ಮನ್ನು ಜೊತೆಗೊಯ್ಯುತ್ತದೆ. ನೀರು ಅವುಗಳನ್ನು ಹಿಂಬಾಲಿಸುತ್ತದೆ. ಓಆರ್‌ಎಸ್ ನಿಂತಿರುವುದೂ ಈ ತತ್ವದ ಮೇಲೆಯೇ. ಆದರೆ ಮೈತಾಪ 40 ಡಿಗ್ರಿ ದಾಟಿ ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು. ನೆರಳಿಗೆ ತಂದು, ಮೈಗೆ ನೀರೆರೆದು ಗಾಳಿ ಬೀಸುತ್ತಾ ಆಸ್ಪತ್ರೆಗೆ ಸಾಗಿಸಬೇಕು.

ಕಲಬುರಗಿ ವಿಭಾಗದಲ್ಲಿ ಬೇಸಿಗೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ರೂಢಿಯಿದೆ. ದೇಹದ ಮಿತಿಯನ್ನು ಆಡಳಿತ ಒಪ್ಪಿಕೊಂಡ ಕ್ರಮವಿದು.

4. ಉಪಸಂಹಾರ

ಹೈಪೊಥಲಮಸ್ಸು, ಮೂತ್ರಪಿಂಡಗಳು ಇದ್ದ ನೀರನ್ನು ಉಳಿಸಬಲ್ಲವು. ಇಲ್ಲದ ನೀರನ್ನು ತರಲಾರವು. ಕಾಯಕಕ್ಕೆ ಘನತೆ ತಂದ ಕಲ್ಯಾಣದ ನೆಲದಲ್ಲಿ ಕಾಯದ ಮಿತಿಗೂ ಮನ್ನಣೆ ಸಲ್ಲಬೇಕು. ಕಚೇರಿಗೆ ಸಿಕ್ಕ ಬೇಸಿಗೆಯ ವೇಳೆ ಹೊಲಕ್ಕೂ, ಕೆರೆಯ ಅಂಗಳಕ್ಕೂ ಸಿಗಲಿ.