ಶೆಟ್ಟಿಹಳ್ಳಿಯ ಹಳೆಯ ದೇವಾಲಯವೂ ನಮ್ಮ ಮಕ್ಕಳೂ

ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ನಮ್ಮ ದೇವಾಲಯದ ಸ್ಥಾಪನೆ, ಇಲ್ಲಿ ಸೇವೆ ಸಲ್ಲಿಸಿದ ಪೂಜ್ಯ ಗುರುಗಳು ಹಾಗೂ ಸಂಘ ಸಂಸ್ಥೆಗಳ ಕಾರ್ಯಗಳನ್ನು ಕುರಿತು ಬಲ್ಲವರು ಈ ಸಂಚಿಕೆಯಲ್ಲಿ ಬರೆದಿದ್ದಾರೆ. ನಾನು ಬರೆಯಹೊರಟಿರುವುದು ಪೂಜೆಯೇ ನಡೆಯದ ಮತ್ತೊಂದು ದೇವಾಲಯದ ಕುರಿತು. ಇದು ಅಪ್ರಸ್ತುತವೆಂದು ವಾಚಕರಿಗೆ ಮೊದಲಿಗೆ ತೋರಬಹುದು. ಆದರೆ ನಮ್ಮ ಬಾಲ್ಯದ ನೆಲೆಗಳನ್ನು ಮಕ್ಕಳಿಗೆ ಹೇಗೆ ಒಪ್ಪಿಸಬೇಕೆಂಬ ಪಾಠವನ್ನು ನಾನು ಕಲಿತದ್ದು ಅಲ್ಲಿಯೇ. ನೂರು ವರ್ಷ ತುಂಬಿದ ಧರ್ಮಕೇಂದ್ರಕ್ಕೆ ಆ ಪಾಠ ಬೇಕಾದದ್ದೆಂದು ನನ್ನ ನಂಬಿಕೆ.

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಹೇಮಾವತಿಯ ಹಿನ್ನೀರಿನ ಅಂಚಿನಲ್ಲಿ, ಶೆಟ್ಟಿಹಳ್ಳಿಯ ಜಪಸರ ಮಾತೆಯ ಹಳೆಯ ದೇವಾಲಯವಿದೆ. ಚಾವಣಿಯಿಲ್ಲದ ಆ ಗೋಡೆಗಳನ್ನೂ ಎತ್ತರದ ಕಮಾನುಗಳನ್ನೂ ಇಂದು ನಾಡಿನ ನಾನಾ ಕಡೆಗಳಿಂದ ಜನರು ಬಂದು ನೋಡಿ ಹೋಗುತ್ತಾರೆ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ದೇವಾಲಯದ ಬಹುಭಾಗ ನೀರಿನಲ್ಲಿ ನಿಲ್ಲುತ್ತದೆ. ಬೇಸಿಗೆಯಲ್ಲಿ ನೀರು ಸರಿದಾಗ ಕಾಲ್ನಡಿಗೆಯಲ್ಲಿಯೇ ಒಳಗೆ ಹೋಗಬಹುದು. ಅಕ್ಟೋಬರ್ ತಿಂಗಳು ಜಪಸರಕ್ಕೆ ಮೀಸಲಾದುದು. 7ನೆಯ ತಾರೀಖು ಆ ಮಾತೆಯ ಹಬ್ಬ. ಮಳೆ ಚೆನ್ನಾಗಿ ಆದ ವರ್ಷಗಳಲ್ಲಿ ಆ ಹಬ್ಬದ ದಿನದಂದೇ ಮಾತೆಯ ಹಳೆಯ ಮನೆ ನೀರಿನ ನಡುವೆ ಇರುತ್ತದೆ.

ನಮ್ಮ ಸೀಮೆಯಲ್ಲಿ ಕ್ರೈಸ್ತ ಧರ್ಮದ ಚರಿತ್ರೆ ಈ ಕಟ್ಟಡಕ್ಕಿಂತ ಬಹಳ ಹಿಂದಿನದು. 17ನೆಯ ಶತಮಾನದ ಮಧ್ಯಭಾಗದಲ್ಲಿ ಇಟಲಿಯ ಯೇಸುಸಭೆಯ ಗುರು ಲಿಯೊನಾರ್ಡೊ ಚಿನ್ನಮಿಯವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಆರಂಭಿಸಿದರು. 1773ರಲ್ಲಿ ಯೇಸುಸಭೆಯು ರದ್ದಾದ ತರುವಾಯ ಈ ಹೊಲವು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಗುರುಗಳ ಕೈಸೇರಿತು. ಸಿಡುಬಿನ ವಿರುದ್ಧ ದೇವಿ ಹಾಕಿಸಲು ಮೈಸೂರು ಸೀಮೆಯಲ್ಲಿ ಶ್ರಮಿಸಿದ ಅಬ್ಬೆ ದುಬ್ವಾ ಅವರು ಈ ಸಂಸ್ಥೆಯವರೇ. ಅದೇ ಪರಂಪರೆಯ ಫ್ರೆಂಚ್ ಗುರುಗಳು 1860ರ ದಶಕದಲ್ಲಿ ಶೆಟ್ಟಿಹಳ್ಳಿಯ ದೇವಾಲಯವನ್ನು ಕಟ್ಟಿಸಿದರೆಂದು ಹೇಳಲಾಗುತ್ತದೆ. ಸುಣ್ಣದ ಗಾರೆಗೆ ಬೆಲ್ಲವನ್ನೂ ಕೋಳಿಮೊಟ್ಟೆಯನ್ನೂ ಬೆರೆಸಿದ್ದರೆಂಬುದು ಜನರ ಬಾಯಲ್ಲಿ ಉಳಿದು ಬಂದ ಮಾತು. ಮೈಸೂರು ಧರ್ಮಪ್ರಾಂತ್ಯವು 1886ರಲ್ಲಿ ಸ್ಥಾಪನೆಯಾಯಿತು. ಅದರಿಂದ 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯವು ಬೇರ್ಪಟ್ಟಾಗ ಹಾಸನ ಸೀಮೆಯು ಅದಕ್ಕೆ ಸೇರಿತು.

ಆ ಬಳಿಕ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದಿತು. ಅದು ಪೂರ್ಣಗೊಂಡದ್ದು 1979ರಲ್ಲಿ. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದಿಂದ ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗದ್ದೆಗಳಿಗೆ ಕಾಲುವೆಗಳು ಹರಿದವು. ಅದಕ್ಕಾಗಿ ಹಿನ್ನೀರಿನ ಹಳ್ಳಿಗಳು ಬರಿದಾದವು. ಜನರು ಹೊಸ ನೆಲೆಗಳಿಗೆ ತೆರಳಿದರು. ದೇವಾಲಯವು ಅಲ್ಲಿಯೇ ನಿಂತಿತು.

ನನ್ನ ತಾಯಿಯ ತವರು ಹೀಗೆ ಮುಳುಗಿದ ಹಳ್ಳಿಗಳಲ್ಲೊಂದು. ಬಾಲ್ಯದ ಬೇಸಿಗೆ ರಜೆಗಳನ್ನೆಲ್ಲ ನಾನು ಅಲ್ಲಿ ಅಜ್ಜಿಯ ಮನೆಯಲ್ಲಿ ಕಳೆದಿದ್ದೆ. ನನಗೆ ಮಕ್ಕಳಾದ ಮೇಲೆ ಆ ಸ್ಥಳವನ್ನು ಅವರಿಗೆ ತೋರಿಸಬೇಕೆಂಬ ಹಂಬಲ ಹುಟ್ಟಿತು. 1994ರ ಏಪ್ರಿಲ್ ತಿಂಗಳಲ್ಲಿ ಒಂಬತ್ತು ವರ್ಷದ ಮಗಳನ್ನೂ ಆರು ವರ್ಷದ ಮಗನನ್ನೂ ಕರೆದುಕೊಂಡು ಹೊರಟೆ. ಊರು ಬಿಟ್ಟಂದಿನಿಂದ ಆ ಕಡೆ ಮುಖ ಹಾಕದಿದ್ದ ಅವ್ವನೂ ಅಂದು ಜೊತೆಗೆ ಬಂದಳು.

ದಾರಿಯುದ್ದಕ್ಕೂ ನಾನು ಮಕ್ಕಳಿಗೆ ತೇರಿನ ಸಡಗರವನ್ನೂ, ಹೊಳೆಯ ಈಜನ್ನೂ, ಅಜ್ಜಿ ಸುಟ್ಟು ಕೊಡುತ್ತಿದ್ದ ಹಲಸಿನ ಬೀಜವನ್ನೂ ವರ್ಣಿಸಿದೆ. ಅಲ್ಲಿಗೆ ತಲುಪಿದಾಗ ಕಂಡದ್ದು ಬಿರುಕುಬಿಟ್ಟ ಕೆಸರಿನ ಬಯಲು. ಮಗ ಕೇಳಿದ: “ಅಪ್ಪ, ನಿಮ್ಮ ಅಜ್ಜಿ ಮನೆ ಎಲ್ಲಿ?” ನಾನು ಕೈಚಾಚಿದೆ. ಆ ಕೈಗೆ ತೋರಿಸಲು ಏನೂ ಇರಲಿಲ್ಲ. ಮಕ್ಕಳು ಸ್ವಲ್ಪ ಹೊತ್ತು ನೋಡಿ, ಕಮಾನುಗಳ ಕೆಳಗೆ ಆಟಕ್ಕೆ ಓಡಿದರು. ನನಗೆ ಬೇಸರವೇ ಆಯಿತು. ಅವರಿಗೆ ಆ ಸ್ಥಳ ಒಂದು ಪಾಳು ಕಟ್ಟಡ ಮಾತ್ರವಾಗಿತ್ತು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ.

ಅಷ್ಟು ಹೊತ್ತು ಮೌನವಾಗಿದ್ದ ಅವ್ವ ಬಾಗಿಲ ಬಳಿ ಚಪ್ಪಲಿ ಬಿಟ್ಟಳು. ಹೆಜ್ಜೆ ಎಣಿಸುತ್ತಾ ಒಳಗೆ ನಡೆದು, ಒಂದು ಕಡೆ ನಿಂತು, ಮಕ್ಕಳನ್ನು ಕರೆದು ನೆಲದ ಮೇಲೆ ಕೂರಿಸಿದಳು. “ನಮ್ಮವ್ವ ಕೂರ್ತಿದ್ದ ಜಾಗ ಇದು. ನಿಮ್ಮಪ್ಪ ನಿಮಗೆ ಬರೀ ತೇರಿನ ಕಥೆ ಹೇಳವ್ನೆ” ಎಂದಳು. ಆಮೇಲೆ ನಾನು ಹೇಳದೆ ಬಿಟ್ಟದ್ದನ್ನೆಲ್ಲ ಅವಳು ಹೇಳಿದಳು. ಚಳಿಜ್ವರದಲ್ಲಿ ತೀರಿಕೊಂಡ ತನ್ನ ತಮ್ಮನ ವಿಚಾರ; ಬೆಳೆ ಕೈಕೊಟ್ಟ ವರ್ಷ ಒಂದೇ ಹೊತ್ತು ಮುದ್ದೆ ಉಂಡದ್ದು; ಅದೇ ಹಸಿವಿನಲ್ಲಿಯೂ ದೇವಾಲಯದ ದೀಪಕ್ಕೆ ಎಣ್ಣೆ ಕೊಡುವ ಸರದಿಯನ್ನು ಅಜ್ಜಿ ತಪ್ಪಿಸದಿದ್ದದ್ದು. ಕೊನೆಗೆ ಮನೆಯ ಹೆಂಚು, ಜಂತೆ, ಬಾಗಿಲುಗಳನ್ನು ಕಳಚಿ ಗಾಡಿಗೆ ಹೇರಿದ ದಿನ. ಸಮಾಧಿಯಿಂದ ಒಂದು ಹಿಡಿ ಮಣ್ಣನ್ನು ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡಳೆಂಬುದು ನನಗೂ ಅಂದೇ ತಿಳಿದದ್ದು. ಮಗಳು ಕೇಳಿದಳು: “ನಿಮಗೆ ಸಿಟ್ಟು ಬರಲಿಲ್ವಾ ಅಜ್ಜಿ?” ಅವ್ವ ಹೇಳಿದ್ದು ಇಷ್ಟೇ: “ಬಂತು ಮಗಾ. ಈಗಲೂ ಒಂದೊಂದ್ಸಲ ಬರ್ತದೆ. ಆದರೆ ಆ ನೀರಲ್ಲಿ ಯಾರೋ ಅನ್ನ ಉಣ್ತಾವ್ರಲ್ಲ.”

ಮಕ್ಕಳು ಎದ್ದು ಓಡಲಿಲ್ಲ. ಸಿಹಿಯಾದ ಭಾಗವನ್ನಷ್ಟೇ ಆರಿಸಿ ಹೇಳಿದ್ದರಿಂದ ನನ್ನ ಕಥೆ ಅವರಿಗೆ ನಾಟಿರಲಿಲ್ಲ. ಕಷ್ಟವನ್ನೂ ಕೋಪವನ್ನೂ ಮರೆಮಾಡದೆ ಹೇಳಿದಾಗ ಅದು ಅವರ ಸ್ವಂತದ್ದಾಯಿತು.

ಯೆಹೋಶುವನ ಗ್ರಂಥದ ನಾಲ್ಕನೆಯ ಅಧ್ಯಾಯವನ್ನು ವಾಚಕರು ಬಲ್ಲರು. ಇಸ್ರಯೇಲರು ಜೋರ್ಡಾನ್ ನದಿಯನ್ನು ದಾಟಿದಾಗ ನದಿಯ ಪಾತ್ರದಿಂದ ಹನ್ನೆರಡು ಕಲ್ಲುಗಳನ್ನು ಹೊತ್ತು ತಂದು ಗಿಲ್ಗಾಲಿನಲ್ಲಿ ನಿಲ್ಲಿಸಿದರು. ಮುಂದೊಂದು ದಿನ ಮಕ್ಕಳು ಆ ಕಲ್ಲುಗಳ ಅರ್ಥವೇನೆಂದು ಕೇಳಿದರೆ ತಂದೆಯಾದವನು ಉತ್ತರ ಹೇಳಬೇಕೆಂಬುದೇ ಅದರ ಉದ್ದೇಶವಾಗಿತ್ತು. ಕಲ್ಲು ತಾನಾಗಿ ಮಾತನಾಡದು. ಉತ್ತರ ಹೇಳುವವರು ಇಲ್ಲದ ಕಡೆ ಅದು ಬರಿಯ ಕಲ್ಲಾಗಿ ಉಳಿಯುತ್ತದೆ.

ಅವ್ವ ತೀರಿಕೊಂಡು ವರ್ಷಗಳಾದವು. ಇತ್ತೀಚೆಗೆ ಬೇಸಿಗೆಯಲ್ಲಿ ನನ್ನ ಮಗಳು ತನ್ನ ಮಗನನ್ನು ಅಲ್ಲಿಗೆ ಕರೆದೊಯ್ದಾಗ ನಾನೂ ಹೋಗಿದ್ದೆ. ಗೋಡೆಗಳ ಕೆಲವು ಭಾಗಗಳು ಈಚಿನ ವರ್ಷಗಳಲ್ಲಿ ಕುಸಿದಿವೆ. ಮಗಳು ದೀಪದ ಎಣ್ಣೆಯ ಕಥೆಯನ್ನೂ ಸೆರಗಿನ ಮಣ್ಣಿನ ಕಥೆಯನ್ನೂ ಮಗನಿಗೆ ಹೇಳಿದಳು. ಆದರೆ ತೀರಿಕೊಂಡದ್ದು ಅಜ್ಜಿಯ ಅಣ್ಣನೆಂದಳು. ತಮ್ಮನೆಂದು ನಾನು ತಿದ್ದಿದೆ. ನಾನಿಲ್ಲದಿದ್ದರೆ ಆ ತಪ್ಪೇ ಚರಿತ್ರೆಯಾಗಿ ಮುಂದುವರಿಯುತ್ತಿತ್ತು.

ಆದ್ದರಿಂದ ಧರ್ಮಕೇಂದ್ರದ ಬಂಧುಗಳಲ್ಲಿ ನನ್ನದೊಂದು ವಿನಂತಿ. 1563ರಲ್ಲಿ ಟ್ರೆಂಟ್ ಮಹಾಸಭೆಯು ಜ್ಞಾನಸ್ನಾನ ಮತ್ತು ವಿವಾಹಗಳ ದಾಖಲೆ ಇಡುವಂತೆ ವಿಧಿಸಿದ್ದರಿಂದ ನಮ್ಮ ಪೂರ್ವಜರ ಹೆಸರುಗಳು ದೇವಾಲಯದ ಪುಸ್ತಕಗಳಲ್ಲಿ ಉಳಿದಿವೆ. ಹುಟ್ಟಿದ ದಿನ, ತಂದೆತಾಯಿಗಳ ಹೆಸರು, ಜ್ಞಾನಪೋಷಕರ ಹೆಸರು ಅಲ್ಲಿ ದೊರೆಯುತ್ತವೆ. ಯಾರು ಎಲ್ಲಿ ಕೂರುತ್ತಿದ್ದರು, ಹಸಿವಿನ ವರ್ಷ ಏನು ಮಾಡಿದರು, ಯಾವ ದಾರಿಯಲ್ಲಿ ಪೂಜೆಗೆ ನಡೆದು ಬಂದರು ಎಂಬುದು ಅಲ್ಲಿ ದೊರೆಯದು. ಅದು ಹಿರಿಯರ ಬಾಯಲ್ಲಿದೆ. ಈ ಶತಮಾನೋತ್ಸವದ ವರ್ಷದಲ್ಲಿ ಪ್ರತಿಯೊಂದು ಮನೆಯವರೂ ಮಕ್ಕಳನ್ನು ಒಮ್ಮೆ ತಮ್ಮ ಬಾಲ್ಯದ ಊರಿಗೆ ಕರೆದೊಯ್ಯಲಿ. ಹಿರಿಯರಿದ್ದರೆ ಅವರನ್ನು ಮುಂದಿಟ್ಟುಕೊಂಡು ಹೋಗಲಿ. ಕೇಳಿದ್ದನ್ನು ಮಕ್ಕಳ ಕೈಯಿಂದಲೇ ಒಂದು ನೋಟ್‌ಪುಸ್ತಕದಲ್ಲಿ ಬರೆಸಲಿ.

ನಮ್ಮ ದೇವಾಲಯದ ಗೋಡೆಗಳು ಇಂದು ಭದ್ರವಾಗಿವೆ. ದೇವರ ಕೃಪೆಯಿಂದ ಮುಂದೆಯೂ ಭದ್ರವಾಗಿರಲಿ. ಇನ್ನೂರನೆಯ ವರ್ಷದಲ್ಲಿ ಇಲ್ಲಿ ಮಂಡಿಯೂರುವ ಮಗುವು ಈ ಕಲ್ಲುಗಳ ಅರ್ಥವೇನೆಂದು ಕೇಳಿದರೆ, ಉತ್ತರ ಹೇಳಲು ಅದರ ಮನೆಯಲ್ಲಿ ಒಬ್ಬರಾದರೂ ಇರಲೆಂದು ಜಪಸರ ಮಾತೆಯಲ್ಲಿ ನನ್ನ ಪ್ರಾರ್ಥನೆ.