ಗಿಡುಗದ ಒಡೆಯರಾರು?

ಬೇಟೆಗೆ ಪಳಗಿಸಿದ ಗಿಡುಗಕ್ಕೆ ಕನ್ನಡದಲ್ಲಿ ಸಾಳುವವೆಂಬ ಹಳೆಯ ಹೆಸರುಂಟು. ಈ ಹಕ್ಕಿಯನ್ನು ಮುಂಗೈಯ ಮೇಲಿರಿಸಿಕೊಂಡು ಬೇಟೆಗೆ ಹೊರಡುವುದು ನಾನಾ ದೇಶಗಳ ಅರಸರ ವಿನೋದವಾಗಿದ್ದಿತು. ಆದರೆ ಹಕ್ಕಿ ಯಾರದು? ಈ ಪ್ರಶ್ನೆಗೆ ಇಂಗ್ಲೆಂಡಿನ ಕಾನೂನು ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನು ಕೇಳುಗರು ಗಮನಿಸಬಹುದು.

1217ರಲ್ಲಿ, ಹತ್ತು ವರ್ಷದ ಬಾಲಕನಾಗಿದ್ದ ಮೂರನೆಯ ಹೆನ್ರಿಯ ಹೆಸರಿನಲ್ಲಿ ಅರಣ್ಯ ಸನ್ನದು ಹೊರಟಿತು. ಸ್ವತಂತ್ರನಾದ ಪ್ರತಿಯೊಬ್ಬನಿಗೂ ತನ್ನ ಕಾಡಿನೊಳಗಣ ಗಿಡುಗ, ಹದ್ದುಗಳ ಗೂಡೂ ಜೇನೂ ಸಲ್ಲತಕ್ಕದ್ದೆಂದು ಅದು ವಿಧಿಸಿತು. ಸ್ವತಂತ್ರರಲ್ಲದ ಒಕ್ಕಲಾಳುಗಳಿಗೆ ಆ ಹಕ್ಕು ದೊರೆಯಲಿಲ್ಲ.

ಮೂರನೆಯ ಎಡ್ವರ್ಡನ ಕಾಲದ 1361ರ ಶಾಸನ ಇನ್ನೂ ಬಿಗಿಯಾದುದು. ತಪ್ಪಿಸಿಕೊಂಡ ಗಿಡುಗ ಯಾರಿಗೆ ಸಿಕ್ಕಿದರೂ ಅದನ್ನು ಷರೀಫನಿಗೆ ಒಪ್ಪಿಸಬೇಕು. ಷರೀಫನು ಊರೂರಲ್ಲಿ ಸಾರಿಸಬೇಕು. ನಾಲ್ಕು ತಿಂಗಳೊಳಗೆ ಒಡೆಯನು ಬಾರದಿದ್ದರೆ, ತಂದೊಪ್ಪಿಸಿದವನು ಕುಲೀನನಾದಲ್ಲಿ ಹಕ್ಕಿ ಅವನಿಗೆ. ಸಾಮಾನ್ಯನಾದಲ್ಲಿ ಅವನಿಗೆ ತಕ್ಕ ಖರ್ಚು ಮಾತ್ರ, ಹಕ್ಕಿ ಷರೀಫನಿಗೆ. ಬಚ್ಚಿಟ್ಟವನಿಗೆ ಎರಡು ವರ್ಷ ಸೆರೆ, ಅದರ ಮೇಲೆ ಹಕ್ಕಿಯ ಬೆಲೆ. ಬೆಲೆ ತೆರಲಾರದ ಬಡವನು ಸೆರೆಯಲ್ಲಿ ಇನ್ನಷ್ಟು ಕಾಲ ಕೊಳೆಯಬೇಕು. ಈ ಶಾಸನ ಕಾಯ್ದದ್ದು ಒಡೆಯನ ಅಂತಸ್ತನ್ನು. ಹಕ್ಕಿಯ ಕ್ಷೇಮದ ಮಾತು ಅದರಲ್ಲಿಲ್ಲ.

ಆರು ಶತಮಾನಗಳ ತರುವಾಯ ಕಾನೂನಿನ ದೃಷ್ಟಿ ಬದಲಾಯಿತು. ಕಾಡುಜೀವಿಯನ್ನು ಸೆರೆಹಿಡಿಯುವುದನ್ನೂ ಭಾರತದ 1972ರ ವನ್ಯಜೀವಿ ಸಂರಕ್ಷಣಾ ಶಾಸನ ಬೇಟೆಯೆಂದೇ ಎಣಿಸಿತು. ಬ್ರಿಟನ್ನಿನ 1981ರ ಶಾಸನದ ಮೇರೆಗೆ, ಅನುಮತಿಪತ್ರವಿಲ್ಲದೆ ಕಾಡಿನ ಗಿಡುಗವನ್ನು ಹಿಡಿಯುವುದೂ ಅದರ ಮೊಟ್ಟೆಯನ್ನು ತೆಗೆಯುವುದೂ ಅಪರಾಧ. ಅಲ್ಲಿನ ಬೇಟೆಗಾರರು ಸೆರೆಯಲ್ಲೇ ಹುಟ್ಟಿದ ಹಕ್ಕಿಗಳನ್ನು ಪಳಗಿಸುತ್ತಾರೆ. ಸನ್ನದು ಭೂಮಿಯ ಒಡೆಯನಿಗೆ ಕೊಟ್ಟಿದ್ದ ಗೂಡು, ಕಟ್ಟಕಡೆಗೆ ಅದನ್ನು ಕಟ್ಟಿದ ಹಕ್ಕಿಗೇ ಸಂದಿತು.